ಉಪ್ಪು ಬೆವರಿನ ಮಕ್ಕಳ ಹಲ್ಲು

ಕಲಬುರಗಿ ಸೀಮೆಯಲ್ಲಿ ಮಗುವಿನ ಹಲ್ಲಿನ ಮೇಲೆ ಸುಣ್ಣ ಬಳಿದಂತಹ ಬಿಳಿ ಮಚ್ಚೆಯೋ ಕಂದು ಗೆರೆಯೋ ಕಾಣಿಸಿಕೊಂಡರೆ ಮನೆಯವರು ಮೊದಲು ದೂರುವುದು ನೀರನ್ನು. ಆ ದೂರು ಬಹುಮಟ್ಟಿಗೆ ಸರಿಯೇ ಆಗಿದೆ. ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಾಗಿರುವ ಕರ್ನಾಟಕದ ಜಿಲ್ಲೆಗಳ ಸಾಲಿನಲ್ಲಿ ನಮ್ಮ ಜಿಲ್ಲೆಯೂ ಸೇರಿದೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಸಿಗದ ಕಡೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಹಲ್ಲು ದವಡೆಯೊಳಗೆ ರೂಪುಗೊಳ್ಳುವ ವರ್ಷಗಳಲ್ಲಿ ಮಗು ಇದಕ್ಕಿಂತ ಹೆಚ್ಚು ಫ್ಲೋರೈಡ್ ಇರುವ ನೀರನ್ನು ಕುಡಿದರೆ ಹಲ್ಲು ಬಣ್ಣಗೆಡುತ್ತದೆ. ಆದರೆ ನೀರಿನ ದೋಷಕ್ಕೆ ಒಂದು ಲಕ್ಷಣವುಂಟು: ಅದು ಒಬ್ಬರನ್ನೇ ಆರಿಸಿಕೊಳ್ಳುವುದಿಲ್ಲ. ಒಂದೇ ಕೊಳವೆಬಾವಿಯ ನೀರು ಕುಡಿದು ಬೆಳೆದ ಅಣ್ಣತಮ್ಮಂದಿರು, ಓಣಿಯ ಇತರ ಮಕ್ಕಳು, ಎಲ್ಲರ ಹಲ್ಲಿನಲ್ಲಿಯೂ ಹೆಚ್ಚುಕಡಿಮೆ ಒಂದೇ ಬಗೆಯ ಗುರುತು, ಎಡಬಲಗಳಲ್ಲಿ ಸಮನಾಗಿ, ಮೂಡಿರುತ್ತದೆ.

ಹಾಗಲ್ಲದೆ ಮನೆಯಲ್ಲಿ ಒಂದೇ ಮಗುವಿನ ಹಲ್ಲು ಕೆಟ್ಟಿದ್ದು ಉಳಿದವರದು ಚೆನ್ನಾಗಿದ್ದರೆ ಆಗ ನೀರನ್ನು ಬಿಟ್ಟು ಮಗುವನ್ನು ನೋಡಬೇಕಾಗುತ್ತದೆ. ಇಲ್ಲಿಯೂ ಗಾಬರಿಗೆ ಅವಕಾಶ ಕೊಡಬಾರದು. ಉಳಿದಂತೆ ಆರೋಗ್ಯವಾಗಿರುವ ಅನೇಕ ಮಕ್ಕಳಲ್ಲಿ ಮೊದಲ ಶಾಶ್ವತ ದವಡೆಹಲ್ಲು ಮತ್ತು ಬಾಚಿಹಲ್ಲುಗಳಲ್ಲಿ ಇಂತಹ ಮೃದುವಾದ, ಹಳದಿ ಬಿಳುಪಿನ ತೇಪೆಗಳಿರುವುದು ಸಾಮಾನ್ಯ. ಅದು ದಂತವೈದ್ಯರು ನೋಡಿಕೊಳ್ಳುವ ವಿಷಯ. ಆದರೆ ಅದೇ ಮಗು ವರ್ಷವಿಡೀ ಕೆಮ್ಮುತ್ತಿದ್ದರೆ, ಹೊಟ್ಟೆ ತುಂಬ ಉಂಡರೂ ಮೈಹತ್ತದಿದ್ದರೆ, ಮಲವು ಜಿಡ್ಡಾಗಿ ದುರ್ವಾಸನೆಯಿಂದ ಕೂಡಿ ಹೋಗುತ್ತಿದ್ದರೆ, ಹಣೆಗೆ ಮುತ್ತಿಟ್ಟ ತಾಯಿಯ ತುಟಿಗೆ ಉಪ್ಪು ಹತ್ತುತ್ತಿದ್ದರೆ, ಆಗ ಆ ಹಲ್ಲು ಇಡೀ ದೇಹದ ಒಂದು ಕಾಯಿಲೆಯ ಕಡೆಗೆ ಬೆರಳು ತೋರುತ್ತಿರಬಹುದು. ಆ ಕಾಯಿಲೆಯ ಹೆಸರು ಸಿಸ್ಟಿಕ್ ಫೈಬ್ರೋಸಿಸ್. ಇದು ಯುರೋಪಿನ ಮೂಲದ ಜನರಲ್ಲಿ ಹೆಚ್ಚು, ನಮ್ಮಲ್ಲಿ ವಿರಳ. ಆದರೆ ವಿರಳ ಎಂದರೆ ಇಲ್ಲವೆಂದಲ್ಲ. ನಮ್ಮ ಕಡೆ ಇಂತಹ ಮಗುವಿಗೆ ಕ್ಷಯವೆಂದೋ ಉಬ್ಬಸವೆಂದೋ ಹೆಸರಿಟ್ಟು, ಅದೂ ಆಗದಿದ್ದರೆ ದೃಷ್ಟಿ ತಾಗಿದೆಯೆಂದು ನಿವಾಳಿಸಿ, ವರ್ಷಗಳನ್ನು ಕಳೆಯುವುದು ಸುಲಭ.

ಮೈಯ ಉಪ್ಪಿನ ಸಂಗತಿ ವೈದ್ಯರಿಗಿಂತ ಮೊದಲು ತಾಯಂದಿರಿಗೇ ತಿಳಿದಿತ್ತು. ಹಣೆ ಉಪ್ಪಾಗಿರುವ ಮಗು ಬಹಳ ದಿನ ಬಾಳುವುದಿಲ್ಲವೆಂಬ ನಂಬಿಕೆ ಯುರೋಪಿನ ಹಳ್ಳಿಗಳಲ್ಲಿ ಶತಮಾನಗಳಿಂದ ಇತ್ತು. ಈ ಕಾಯಿಲೆಯನ್ನು ಪ್ರತ್ಯೇಕವಾಗಿ ಗುರುತಿಸಿ 1938ರಲ್ಲಿ ವಿವರಿಸಿದವರು ನ್ಯೂಯಾರ್ಕಿನ ವೈದ್ಯೆ ಡೊರೊಥಿ ಆಂಡರ್ಸನ್. 1948ರ ಬೇಸಿಗೆಯಲ್ಲಿ ಅದೇ ನಗರದಲ್ಲಿ ಬಿಸಿಗಾಳಿ ಬೀಸಿದಾಗ ಬಿಸಿಲಿಗೆ ಬಸವಳಿದು ಆಸ್ಪತ್ರೆ ಸೇರಿದ ಮಕ್ಕಳಲ್ಲಿ ಈ ಕಾಯಿಲೆಯವರು ಹೆಚ್ಚಾಗಿರುವುದನ್ನು ಪಾಲ್ ಡಿ ಸಾಂತ್ ಆಗ್ನೀಸ್ ಎಂಬ ವೈದ್ಯರು ಗಮನಿಸಿದರು. ಅವರ ಬೆವರಿನಲ್ಲಿ ಉಪ್ಪಿನಂಶ ವಿಪರೀತವಾಗಿದೆಯೆಂದು 1953ರಲ್ಲಿ ತಿಳಿದುಬಂದಿತು. ಇದಕ್ಕೆ ಕಾರಣವಾದ ಜೀನ್ 1989ರಲ್ಲಿ ಪತ್ತೆಯಾಯಿತು. ನ್ಯೂಯಾರ್ಕಿನಲ್ಲಿ ಅಂದು ಬೀಸಿದ್ದು ಕೆಲವು ದಿನಗಳ ಬಿಸಿಗಾಳಿ. ನಮ್ಮಲ್ಲಿ ಪ್ರತಿವರ್ಷ ಏಪ್ರಿಲ್, ಮೇ ತಿಂಗಳುಗಳ ಉದ್ದಕ್ಕೂ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಈ ಮಾತಿಗೆ ಮುಂದೆ ಬರುತ್ತೇನೆ.

ದೇಹದ ಅನೇಕ ಗ್ರಂಥಿಗಳ ಮತ್ತು ನಾಳಗಳ ಒಳಗೋಡೆಯ ಕೋಶಗಳಲ್ಲಿ ಒಂದು ಸೂಕ್ಷ್ಮವಾದ ಬಾಗಿಲಿದೆ. ಅದನ್ನು ಸಿಎಫ್‌ಟಿಆರ್ ಎಂದು ಕರೆಯುತ್ತಾರೆ. ಉಪ್ಪಿನ ಒಂದು ಭಾಗವಾದ ಕ್ಲೋರೈಡ್ ಮತ್ತು ಆಮ್ಲವನ್ನು ತಣಿಸುವ ಬೈಕಾರ್ಬನೇಟ್ ಎಂಬ ಕ್ಷಾರ, ಇವೆರಡೂ ಹಾಯುವುದು ಈ ಬಾಗಿಲಿನ ಮೂಲಕ. ಸಿಸ್ಟಿಕ್ ಫೈಬ್ರೋಸಿಸ್‌ನಲ್ಲಿ ಹುಟ್ಟಿನಿಂದಲೇ ಈ ಬಾಗಿಲು ತೆರೆಯದು, ಅಥವಾ ಇರುವುದೇ ಇಲ್ಲ. ಬೆವರಿನ ನಾಳದಲ್ಲಿ ಉಪ್ಪು ಮರಳಿ ಒಳಗೆ ಹೀರಲ್ಪಡದೆ ಚರ್ಮದ ಮೇಲೆ ನಿಲ್ಲುತ್ತದೆ. ಶ್ವಾಸಕೋಶದ ಕಫ ಗೋಂದಿನಂತೆ ಗಟ್ಟಿಯಾಗಿ ಸೋಂಕಿಗೆ ಮನೆಯಾಗುತ್ತದೆ. ಮೇದೋಜೀರಕ ಗ್ರಂಥಿಯ ರಸ ಕರುಳಿಗೆ ಇಳಿಯದೆ ಆಹಾರದ ಜಿಡ್ಡು ಜೀರ್ಣವಾಗುವುದಿಲ್ಲ. ಇವು ವೈದ್ಯರೆಲ್ಲರೂ ಬಲ್ಲ ಸಂಗತಿಗಳು. ಹಲ್ಲಿನ ಸಂಗತಿಯನ್ನು ಮಾತ್ರ ಬಹಳ ಮಂದಿ ವೈದ್ಯರೂ ಅಷ್ಟಾಗಿ ಗಮನಿಸುವುದಿಲ್ಲ.

ಸುಶ್ರುತಾಚಾರ್ಯರು ಅಸ್ಥಿಗಳನ್ನು ಐದು ಬಗೆಯಾಗಿ ವಿಂಗಡಿಸಿ ಹಲ್ಲುಗಳನ್ನು ರುಚಕಾಸ್ಥಿ ಎಂದು ಕರೆದರು. ಕಾಶ್ಯಪ ಸಂಹಿತೆಯಲ್ಲಿ ಮಕ್ಕಳ ಹಲ್ಲು ಹುಟ್ಟುವ ಬಗೆಗೆಂದೇ ಒಂದು ಅಧ್ಯಾಯವಿದೆ. ಹಲ್ಲನ್ನು ಅಸ್ಥಿಯೊಡನೆ ಸೇರಿಸಿದ್ದು ಯುಕ್ತವೇ. ಆದರೆ ಹಲ್ಲಿನ ಹೊರಗಿನ ದಂತಕವಚ, ಅಂದರೆ ನಾವೆಲ್ಲ ಕೇಳಿರುವ ಎನಾಮಲ್, ಒಂದು ವಿಷಯದಲ್ಲಿ ಮೂಳೆಗಿಂತ ಬೇರೆ. ಮುರಿದ ಮೂಳೆ ಕೂಡುತ್ತದೆ, ಏಕೆಂದರೆ ಅದರೊಳಗೆ ಜೀವಕೋಶಗಳಿವೆ. ದಂತಕವಚದಲ್ಲಿ ನೂರಕ್ಕೆ 96 ಪಾಲು ಖನಿಜ. ಅದನ್ನು ಕಟ್ಟಿದ ಕೋಶಗಳು ಹಲ್ಲು ವಸಡಿನಿಂದ ಮೇಲೆ ಬರುವ ವೇಳೆಗೆ ತಮ್ಮ ಕೆಲಸ ಮುಗಿಸಿ ಅಳಿದುಹೋಗಿರುತ್ತವೆ. ದೇಹದಲ್ಲಿ ಅತ್ಯಂತ ಗಟ್ಟಿಯಾದ ವಸ್ತು ಇದೇ. ಒಮ್ಮೆ ಹಾಳಾದರೆ ದೇಹ ಮತ್ತೆ ಕಟ್ಟಿಕೊಳ್ಳಲಾರದ ವಸ್ತುವೂ ಇದೇ.

ಕಟ್ಟುವ ಕೆಲಸ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲು ಕೋಶಗಳು ಪ್ರೋಟೀನಿನ ಒಂದು ಮೆತ್ತನೆಯ ಅಚ್ಚನ್ನು ಹಾಸುತ್ತವೆ. ಎರಡನೆಯದು ಪಕ್ವತೆಯ ಹಂತ. ಅದರಲ್ಲಿ ಆ ಪ್ರೋಟೀನು ಕರಗಿ ಹೊರಹೋಗಿ, ಅದರ ಜಾಗದಲ್ಲಿ ಸುಣ್ಣ ಮತ್ತು ರಂಜಕದ ಹರಳುಗಳು ಒತ್ತೊತ್ತಾಗಿ ತುಂಬಿಕೊಳ್ಳುತ್ತವೆ. ಹರಳು ಕಟ್ಟುವ ಕ್ರಿಯೆಯಲ್ಲಿಯೇ ಆಮ್ಲ ಹುಟ್ಟುತ್ತದೆ. ಹರಳು ಬೆಳೆದಷ್ಟೂ ಸುತ್ತಲ ದ್ರವ ಹುಳಿಯಾಗುತ್ತ ಹೋಗುತ್ತದೆ. ಹುಳಿ ಹೆಚ್ಚಾದರೆ ಹರಳು ಮುಂದೆ ಬೆಳೆಯದು. ಆದ್ದರಿಂದ ಕವಚ ಕಟ್ಟುವ ಕೋಶಗಳು ಬಿಡದೆ ಬೈಕಾರ್ಬನೇಟನ್ನು ಸುರಿದು ಆಮ್ಲವನ್ನು ತಣಿಸುತ್ತಿರಬೇಕು. ಅದಕ್ಕೆ ಸಿಎಫ್‌ಟಿಆರ್ ಬಾಗಿಲು ಬೇಕು. ಬಾಗಿಲು ಮುಚ್ಚಿದ್ದರೆ ಆಮ್ಲ ಅಲ್ಲಿಯೇ ನಿಲ್ಲುತ್ತದೆ, ಹರಳುಗಳು ಅರೆಬರೆಯಾಗಿ ಉಳಿಯುತ್ತವೆ, ಪ್ರೋಟೀನೂ ಪೂರ್ತಿ ಹೊರಹೋಗುವುದಿಲ್ಲ. ಈ ಜೀನನ್ನು ಕೆಡಿಸಿ ಬೆಳೆಸಿದ ಇಲಿಗಳ ಬಾಚಿಹಲ್ಲು ಸೀಮೆಸುಣ್ಣದಂತೆ ಬೆಳ್ಳಗೆ, ಮೆತ್ತಗೆ ಆಗಿದ್ದುದನ್ನು ಸಂಶೋಧಕರು ಕಂಡರು. ಹಂದಿಗಳಲ್ಲಿಯೂ ಇಂತಹ ದೋಷ ಕಂಡುಬಂದಿದೆ. ಮನುಷ್ಯರಲ್ಲಿ ಇಷ್ಟು ತೀವ್ರವಾಗಿ ಕಾಣುವುದಿಲ್ಲವಾದರೂ, ಕಾಯಿಲೆಯಿರುವ ಮಕ್ಕಳ ಹಲ್ಲಿನಲ್ಲಿ ಬಿಳಿ ಅಥವಾ ಕಂದು ತೇಪೆ, ಕುಳಿ, ತೆಳುವಾದ ಕವಚ ಇತರ ಮಕ್ಕಳಿಗಿಂತ ಹೆಚ್ಚು.

ಮನುಷ್ಯರಲ್ಲಿ ಎಷ್ಟು ಪಾಲು ಬಾಗಿಲಿನ ದೋಷದಿಂದ, ಎಷ್ಟು ಪಾಲು ಕಾಯಿಲೆಯ ಇತರ ಕಷ್ಟಗಳಿಂದ ಎಂದು ಗೆರೆ ಎಳೆದು ಹೇಳುವಂತಿಲ್ಲ. ಜಿಡ್ಡು ಜೀರ್ಣವಾಗದ ಮಗುವಿಗೆ ಜಿಡ್ಡಿನಲ್ಲಿ ಕರಗುವ ಎ, ಡಿ, ಇ, ಕೆ ಜೀವಸತ್ವಗಳು ದಕ್ಕುವುದಿಲ್ಲ. ಡಿ ಕೊರತೆಯೊಂದೇ ಕವಚವನ್ನು ತೆಳುವಾಗಿಸಬಲ್ಲದು. ಪದೇ ಪದೇ ಬರುವ ಜ್ವರ, ನ್ಯುಮೋನಿಯಾಗಳೂ ಕವಚ ಕಟ್ಟುವ ಕೋಶಗಳನ್ನು ಬಳಲಿಸುತ್ತವೆ. ಎಂಟು ವರ್ಷದೊಳಗಿನ ಮಗುವಿಗೆ ಟೆಟ್ರಾಸೈಕ್ಲಿನ್ ಕೊಟ್ಟಿದ್ದರೆ ಹಲ್ಲು ಹಳದಿ, ಬೂದು ಬಣ್ಣಕ್ಕೆ ತಿರುಗುತ್ತದೆ. ಮೊದಲ ಶಾಶ್ವತ ದವಡೆಹಲ್ಲಿನ ಕವಚ ಹುಟ್ಟಿನ ಸುಮಾರಿಗೆ ಆರಂಭವಾಗಿ ಮೂರು ವರ್ಷದೊಳಗೆ ಮುಗಿಯುತ್ತದೆ. ಮುಂದಿನ ಬಾಚಿಹಲ್ಲುಗಳದು ಮೂರು ನಾಲ್ಕನೆಯ ತಿಂಗಳಲ್ಲಿ ತೊಡಗಿ ನಾಲ್ಕೈದು ವರ್ಷಕ್ಕೆ ಮುಗಿಯುತ್ತದೆ. ಆರನೆಯ ವಯಸ್ಸಿನಲ್ಲಿ ಹೊರಬಂದ ದವಡೆಹಲ್ಲಿನ ಮೇಲೆ ಕಾಣುವ ಗುರುತು ಮಗು ಕೈಗೂಸಾಗಿದ್ದಾಗಿನ ಕಾಯಿಲೆಯ ಗುರುತು. ಜಾಣ ದಂತವೈದ್ಯರು ಹಲ್ಲನ್ನು ನೋಡಿಯೇ 'ಈ ಮಗು ಎರಡು ವರ್ಷದೊಳಗೆ ಬಹಳ ನರಳಿತ್ತೇ?' ಎಂದು ಕೇಳುವುದು ಈ ಲೆಕ್ಕದ ಮೇಲೆ.

ಇನ್ನೊಂದು ಸೋಜಿಗವುಂಟು. ಕವಚ ದುರ್ಬಲವಾದರೂ ಈ ಕಾಯಿಲೆಯ ಚಿಕ್ಕ ಮಕ್ಕಳಲ್ಲಿ ಹುಳುಕು ಹಲ್ಲು ಇತರರಿಗಿಂತ ಕಡಿಮೆಯೆಂದು ಹಲವು ಅಧ್ಯಯನಗಳು ಹೇಳಿವೆ. ವರ್ಷಗಟ್ಟಲೆ ನುಂಗುವ ಆ್ಯಂಟಿಬಯೋಟಿಕ್‌ಗಳು ಬಾಯಿಯ ಸೂಕ್ಷ್ಮಜೀವಿಗಳನ್ನೂ ಅಡಗಿಸಿಡುವುದು ಇದಕ್ಕೆ ಮುಖ್ಯ ಕಾರಣವಿರಬೇಕು. ಆದರೆ ಮಗು ಹರೆಯಕ್ಕೆ ಬಂದು ತನ್ನ ಊಟ, ಔಷಧ, ಹಲ್ಲುಜ್ಜುವುದನ್ನು ತಾನೇ ನೋಡಿಕೊಳ್ಳತೊಡಗಿದಾಗ ಈ ಅನುಕೂಲ ಉಳಿಯುವುದಿಲ್ಲ. ಹಲ್ಲಿನ ಕಿಟ್ಟವಂತೂ ಇವರಲ್ಲಿ ಬೇಗ ಕಟ್ಟುತ್ತದೆ.

ಈಗ ಅಡುಗೆಮನೆಯ ಮಾತು. ಇಂತಹ ಮಗುವಿಗೆ ಇತರ ಮಕ್ಕಳಿಗಿಂತ ಹೆಚ್ಚು ಶಕ್ತಿಯ ಆಹಾರ ಬೇಕು, ಅದೂ ದಿನಕ್ಕೆ ಐದಾರು ಸಲ. 'ತೂಕ ಹೆಚ್ಚಿಸಿ' ಎಂದು ವೈದ್ಯರು ಹೇಳಿದೊಡನೆ ತಂದೆತಾಯಿಗಳು ಸಿಹಿಯ ಮೊರೆಹೋಗುತ್ತಾರೆ: ಬಿಸ್ಕತ್ತು, ಚಾಕೊಲೇಟು, ಸಕ್ಕರೆ ಹಾಕಿದ ಹಾಲು, ಸೀಸೆಯ ಪಾನೀಯ. ಅರೆಬರೆ ಕವಚದ ಹಲ್ಲಿಗೆ ಇದು ದಿನಕ್ಕೆ ಆರು ಸಲ ಬೀಳುವ ಪೆಟ್ಟು. ಶಕ್ತಿ ಬರಬೇಕಾದದ್ದು ಜಿಡ್ಡಿನಿಂದ, ಜಿಡ್ಡು ಹಲ್ಲನ್ನು ಕೆಡಿಸುವುದಿಲ್ಲ. ಬಿಸಿ ಜೋಳದ ರೊಟ್ಟಿಗೆ ಬೆಣ್ಣೆ, ಶೇಂಗಾ ಹಿಂಡಿಗೆ ಎಣ್ಣೆ, ತೊಗರಿಬೇಳೆಯ ಕಟ್ಟಿಗೆ ಎರಡು ಚಮಚ ತುಪ್ಪ, ಗಟ್ಟಿ ಮೊಸರು: ನಮ್ಮ ಸೀಮೆಯ ಊಟದಲ್ಲಿ ಇದಕ್ಕೆ ಬೇಕಾದುದೆಲ್ಲ ಇದೆ. 'ಜಿಡ್ಡು ಅರಗುತ್ತಿಲ್ಲ, ತುಪ್ಪ ಬಿಡಿಸಿ, ಲಂಘನ ಮಾಡಿಸಿ' ಎಂಬ ಸಲಹೆ ಮನೆಯ ಹಿರಿಯರಿಂದಲೂ ಕೆಲವೊಮ್ಮೆ ನಮ್ಮ ವೃತ್ತಿಬಾಂಧವರಿಂದಲೂ ಬರುವುದುಂಟು. ಈ ಕಾಯಿಲೆಯಲ್ಲಿ ಅದು ಮಗುವಿನ ಬೆಳವಣಿಗೆಯನ್ನೇ ಕುಂಠಿಸುವ ಸಲಹೆ. ಜೀರ್ಣಕ್ಕೆ ಬೇಕಾದ ರಸವನ್ನು ಕ್ಯಾಪ್ಸೂಲಿನ ರೂಪದಲ್ಲಿ ಊಟದೊಡನೆ ಕೊಟ್ಟರೆ ತುಪ್ಪ ಅರಗುತ್ತದೆ.

ಆ ಕ್ಯಾಪ್ಸೂಲಿನೊಳಗೆ ಸಾಸಿವೆಯಂತಹ ಕಾಳುಗಳಿರುತ್ತವೆ. ಅವನ್ನು ಅಗಿಯಬಾರದು, ಬಾಯಲ್ಲಿ ಇಟ್ಟುಕೊಳ್ಳಬಾರದು. ಜಿಡ್ಡನ್ನೂ ಪ್ರೋಟೀನನ್ನೂ ಕರಗಿಸುವ ಆ ಔಷಧ ಬಾಯಲ್ಲಿಯೇ ಬಿಚ್ಚಿಕೊಂಡರೆ ವಸಡು ಮತ್ತು ಕೆನ್ನೆಯ ಒಳಪದರವನ್ನು ಹುಣ್ಣು ಮಾಡುತ್ತದೆ. ನುಂಗಲಾರದ ಕೂಸಿಗೆ ಕ್ಯಾಪ್ಸೂಲು ಬಿಡಿಸಿ, ಬೇಯಿಸಿ ಮಸೆದ ಸೇಬಿನಂತಹ ತುಸು ಹುಳಿಯಾದ ಮೆತ್ತನೆಯ ಆಹಾರದಲ್ಲಿ ಒಂದು ಚಮಚಕ್ಕೆ ಬೆರೆಸಿ ಕೊಟ್ಟು, ಕೂಡಲೇ ಹಾಲನ್ನೋ ನೀರನ್ನೋ ಕುಡಿಸಿ, ವಸಡಿನ ಸಂದಿಯಲ್ಲಿ ಕಾಳು ಉಳಿದಿದೆಯೇ ಎಂದು ಬೆರಳಿನಿಂದ ನೋಡಬೇಕು.

ಕಮಲಾಪುರದ ಕೆಂಪು ಬಾಳೆಯನ್ನು ಕೊಡಬಹುದೇ ಎಂದು ಆ ಕಡೆಯ ಭಕ್ತರು ಕೇಳುವುದು ಸಹಜ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ, ನಮ್ಮ ಹೆಮ್ಮೆಯ ಹಣ್ಣದು. ಶಕ್ತಿಯೂ ಇದೆ, ರುಚಿಯೂ ಇದೆ. ಧಾರಾಳವಾಗಿ ಕೊಡಿ. ಆದರೆ ಅಂಟುವ ಸಿಹಿ ಹಣ್ಣಾದುದರಿಂದ ಊಟದ ಜೊತೆಗೆ ಕೊಡಿ, ಬಳಿಕ ನೀರು ಮುಕ್ಕಳಿಸಲಿ. ರಾತ್ರಿ ಹಲ್ಲುಜ್ಜಿದ ಮೇಲೆ ಮಾತ್ರ ಬೇಡ. ಸಿಹಿಯಾದ ಕೆಮ್ಮಿನ ಔಷಧಿಗಳಿಗೂ, ಜೇನು ಬೆರೆಸಿ ಕೊಡುವ ನಮ್ಮ ಚೂರ್ಣ ಲೇಹ್ಯಗಳಿಗೂ ಇದೇ ನಿಯಮ. ಮೂಗು, ಬಾಯಿಗಳ ಮೂಲಕ ಹೊಗೆಯಂತೆ ಎಳೆದುಕೊಳ್ಳುವ ನೆಬ್ಯುಲೈಸರ್ ಔಷಧದ ಬಳಿಕವೂ ಬಾಯಿ ತೊಳೆಯಬೇಕು.

ಹಲ್ಲುಜ್ಜುವ ವಸ್ತುವಿನ ವಿಷಯದಲ್ಲಿ ನಾನು ತುಸು ನಿಷ್ಠುರವಾಗಿಯೇ ಹೇಳಬೇಕಾಗಿದೆ. ಕುಳ್ಳಿನ ಬೂದಿ, ಇದ್ದಿಲು, ಇಟ್ಟಿಗೆಪುಡಿ, ದಪ್ಪ ಉಪ್ಪು ಇವು ಗಟ್ಟಿ ಕವಚವನ್ನೇ ಸವೆಸುತ್ತವೆ. ಮೆತ್ತನೆಯ ಕವಚವನ್ನು ಕೆಲವೇ ವರ್ಷಗಳಲ್ಲಿ ತೆಗೆದುಹಾಕುತ್ತವೆ. 'ಆಯುರ್ವೇದಿಕ' ಎಂದು ಡಬ್ಬಿಯ ಮೇಲೆ ಬರೆದಿದ್ದರೂ ಕೈಯಲ್ಲಿ ಉಜ್ಜಿದಾಗ ಮರಳಿನಂತೆ ತಾಗುವ ದಂತಮಂಜನ ಇಂತಹ ಮಗುವಿಗೆ ಬೇಡ. ಬೇವಿನ ಕಡ್ಡಿಯ ಎಸಳು ಚೆನ್ನಾಗಿ ಮೆತ್ತಗಾಗದಿದ್ದರೆ ಅದೂ ಬೇಡ. ಮೃದುವಾದ ಬ್ರಷ್ಷು, ಫ್ಲೋರೈಡ್ ಇರುವ ಪೇಸ್ಟು ಸಾಕು: ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿ ಕಾಳಿನಷ್ಟು, ಉಗುಳುವಂತೆ ಹಿರಿಯರು ನೋಡಿಕೊಳ್ಳಬೇಕು. ಫ್ಲೋರೈಡ್ ಹೆಚ್ಚಿರುವ ಊರಿನಲ್ಲಿ ಫ್ಲೋರೈಡ್ ಪೇಸ್ಟು ಏಕೆ ಎಂಬ ಪ್ರಶ್ನೆ ನ್ಯಾಯವಾದುದು. ಕೆಡುಕು ನುಂಗುವುದರಲ್ಲಿದೆ, ಹೊರಬಂದ ಹಲ್ಲಿನ ಮೇಲ್ಮೈಗೆ ಅದು ತಾಗುವುದು ಗುಣಕಾರಿ. ಕುಡಿಯಲು ಮಾತ್ರ ಊರಿನ ಶುದ್ಧ ನೀರಿನ ಘಟಕದ ನೀರನ್ನೇ ತರಬೇಕು. ಮಗುವಿಗೆ ಹುಳಿತೇಗು, ವಾಂತಿ ಇದ್ದರೆ ಕೂಡಲೇ ಹಲ್ಲುಜ್ಜಿಸದೆ ಬರಿ ನೀರಿನಿಂದ ಬಾಯಿ ತೊಳೆಸಿ, ಅರ್ಧ ಗಂಟೆ ಬಿಟ್ಟು ಉಜ್ಜಿಸಬೇಕು.

ಶಂಖಭಸ್ಮ, ಪ್ರವಾಳಭಸ್ಮ ಕೊಟ್ಟರೆ ಕವಚ ಮತ್ತೆ ಬೆಳೆಯುವುದೇ ಎಂದು ಕೇಳುವವರಿದ್ದಾರೆ. ಬೆಳೆಯುವುದಿಲ್ಲ. ಕಟ್ಟುವ ಕೋಶಗಳೇ ಇಲ್ಲವಾದ ಮೇಲೆ ಹೊಟ್ಟೆಗೆ ಎಷ್ಟು ಸುಣ್ಣ ಕೊಟ್ಟರೂ ಹಲ್ಲಿನ ಹೊರಪದರಕ್ಕೆ ತಲುಪದು. ಉಗುಳಲು ಬಲ್ಲ ದೊಡ್ಡ ಮಕ್ಕಳು ಎಳ್ಳೆಣ್ಣೆಯನ್ನು ಬಾಯಲ್ಲಿ ಹಿಡಿದು ಉಗುಳಿದರೆ ವಸಡಿಗೆ ಹಿತ. ಅದು ಬ್ರಷ್ಷಿಗೆ ಬದಲಲ್ಲ. ಕೆಮ್ಮಿರುವ ಚಿಕ್ಕ ಮಗುವಿಗೆ ಎಣ್ಣೆ ಮುಕ್ಕಳಿಸುವುದು ಸಲ್ಲದು, ಶ್ವಾಸಕೋಶಕ್ಕೆ ಇಳಿದೀತು. ಕಾಯಿಲೆಯ ಮೂಲಕ್ಕೆ ನಮ್ಮ ಶಾಸ್ತ್ರದಲ್ಲಿ ಔಷಧವಿಲ್ಲ. ಆಸ್ಪತ್ರೆಯ ಔಷಧ ನಿಲ್ಲಿಸಿ ಕಷಾಯ ಕುಡಿಸಿರೆಂದು ಯಾರೇ ಹೇಳಿದರೂ, ಅವರು ನನ್ನಂತೆಯೇ ಆಯುರ್ವೇದ ಪದವೀಧರರಾಗಿದ್ದರೂ, ಕೇಳಬೇಡಿರಿ.

ಹಾಳಾದ ಕವಚವನ್ನು ಮುಚ್ಚಿ ಕಾಪಾಡುವ ಉಪಾಯಗಳು ದಂತವೈದ್ಯರಲ್ಲಿವೆ. ಫ್ಲೋರೈಡ್ ವಾರ್ನಿಷ್ ಬಳಿಯುವುದು, ದವಡೆಹಲ್ಲಿನ ಸೀಳುಗಳನ್ನು ಮುಚ್ಚುವುದು, ಹಲ್ಲು ತೀರ ಪುಡಿಯಾಗುತ್ತಿದ್ದರೆ ಉಕ್ಕಿನ ಟೋಪಿ ತೊಡಿಸುವುದು. ಕಲಬುರಗಿ ನಗರದಲ್ಲಿ ಎಚ್.ಕೆ.ಇ. ಸಂಸ್ಥೆಯ ಎಸ್. ನಿಜಲಿಂಗಪ್ಪ ದಂತ ಮಹಾವಿದ್ಯಾಲಯವೂ ಸೇರಿ ಒಂದಕ್ಕಿಂತ ಹೆಚ್ಚು ದಂತ ಮಹಾವಿದ್ಯಾಲಯಗಳಿವೆ. ಮಕ್ಕಳ ದಂತ ವಿಭಾಗವನ್ನು ಕೇಳಿಕೊಂಡು ಹೋಗಬೇಕು. ಹೋದಾಗ ಮಗುವಿನ ಕಾಯಿಲೆಯ ಹೆಸರನ್ನು ಮೊದಲೇ ಹೇಳುವುದು ಅತ್ಯಗತ್ಯ. ಕೆ ಜೀವಸತ್ವದ ಕೊರತೆಯಿದ್ದರೆ ಹಲ್ಲು ಕಿತ್ತ ಬಳಿಕ ರಕ್ತ ನಿಲ್ಲದಿರಬಹುದು, ಅದನ್ನು ಮುಂಚೆಯೇ ಪರೀಕ್ಷಿಸುತ್ತಾರೆ. ಶ್ವಾಸಕೋಶ ದುರ್ಬಲವಾಗಿರುವುದರಿಂದ ಅರಿವಳಿಕೆಯ ತೀರ್ಮಾನವನ್ನು ಮಕ್ಕಳ ವೈದ್ಯರೊಡನೆ ಸೇರಿ ಮಾಡಬೇಕಾಗುತ್ತದೆ. ಕುರ್ಚಿಯ ನೀರಿನ ಕೊಳವೆಗಳಲ್ಲಿ ಸ್ಯೂಡೊಮೊನಾಸ್ ಎಂಬ ಸೂಕ್ಷ್ಮಜೀವಿ ಮನೆ ಮಾಡುವುದುಂಟು. ಇತರರಿಗೆ ಅದು ಲೆಕ್ಕಕ್ಕಿಲ್ಲ, ಈ ಮಕ್ಕಳ ಶ್ವಾಸಕೋಶಕ್ಕೆ ದೊಡ್ಡ ಶತ್ರು. ಕೊಳವೆಗಳನ್ನು ಹರಿಸಿ ಶುಚಿ ಮಾಡಿದ ಬಳಿಕ, ಬೆಳಗಿನ ಮೊದಲ ಸರದಿಯನ್ನೇ ಕೇಳಿ ಪಡೆಯುವುದು ಒಳ್ಳೆಯದು.

ಕಾಯಿಲೆ ಹೌದೋ ಅಲ್ಲವೋ ಎಂದು ತಿಳಿಯಲು ಬೆವರಿನ ಪರೀಕ್ಷೆಯಿದೆ. ತೋಳಿನ ಮೇಲೆ ಔಷಧವಿಟ್ಟು, ನೋವಿಲ್ಲದಷ್ಟು ಅಲ್ಪ ವಿದ್ಯುತ್ ಹಾಯಿಸಿ ಬೆವರು ಬರಿಸಿ, ಅದರ ಕ್ಲೋರೈಡನ್ನು ಅಳೆಯುತ್ತಾರೆ. ಲೀಟರಿಗೆ 60 ಮಿಲಿಮೋಲ್ ಅಥವಾ ಹೆಚ್ಚಿದ್ದರೆ ಕಾಯಿಲೆಯೆಂದೇ ತಿಳಿಯಬಹುದು. 30ಕ್ಕಿಂತ ಕಡಿಮೆಯಿದ್ದರೆ ಸಾಧ್ಯತೆ ತೀರ ಕಡಿಮೆ. ನಡುವಣ ಅಂಕೆ ಬಂದವರಿಗೆ ಜೀನ್ ಪರೀಕ್ಷೆ ಬೇಕು. ಮೊದಲು ನಗರದ ಮಕ್ಕಳ ತಜ್ಞರನ್ನು ಕಾಣಬೇಕು. ಅವರು ಕಳುಹಿಸಿದ ಕಡೆಗೆ ಹೋಗಬೇಕು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಈ ಮಕ್ಕಳ ಚಿಕಿತ್ಸೆಯಲ್ಲಿ ಬಹುಕಾಲದ ಅನುಭವವುಳ್ಳದ್ದು. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ ಈ ಕಾಯಿಲೆಯ ಹೆಸರಿದೆ. ಆ ನೀತಿಯಡಿ ಗುರುತಿಸಿದ ಕೇಂದ್ರಗಳಲ್ಲಿ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯೂ ಹೈದರಾಬಾದಿನ ನಿಮ್ಸ್ ಆಸ್ಪತ್ರೆಯೂ ಇವೆ. ನಮಗೆ ಹೈದರಾಬಾದೇ ಹತ್ತಿರ.

ಬೇಸಿಗೆಯ ಮಾತಿಗೆ ಬರುವುದಾದರೆ, ನಮ್ಮ ಬಿಸಿಲಿನಲ್ಲಿ ಈ ಮಕ್ಕಳು ಬೆವರಿನೊಡನೆ ಕಳೆದುಕೊಳ್ಳುವ ಉಪ್ಪು ಪ್ರಾಣಕ್ಕೇ ಎರವಾಗಬಲ್ಲದು. ಕೂಸು ಮಂಕಾಗಿ, ವಾಂತಿ ಮಾಡುತ್ತ, ಹಾಲು ಬಿಟ್ಟರೆ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ಅತಿಯಾದ ಲವಣ ಸೇವನೆ ಹಲ್ಲನ್ನು ಉದುರಿಸುವುದೆಂದು ಚರಕ ಸಂಹಿತೆ ಎಚ್ಚರಿಸುತ್ತದೆ. ಅದನ್ನು ಓದಿಕೊಂಡವರು ಈ ಮಗುವಿನ ಊಟದ ಉಪ್ಪು ಕಡಿಮೆ ಮಾಡಿಸಬಾರದು. ಅಲ್ಲಿ ಹೇಳಿರುವುದು ಅತಿಯೋಗದ ಮಾತು, ಇಲ್ಲಿ ಆಗುತ್ತಿರುವುದು ನಷ್ಟ. ವೈದ್ಯರು ಹೇಳಿದಷ್ಟು ಉಪ್ಪನ್ನು ಮಜ್ಜಿಗೆಯಲ್ಲಿ ಬೆರೆಸಿ ಕೊಟ್ಟರೆ ಹಲ್ಲಿಗೂ ಕೆಡುಕಿಲ್ಲ. ಸಕ್ಕರೆ ಹಾಕಿದ ನಿಂಬೆ ಪಾನಕವನ್ನು ಹೊತ್ತುಹೊತ್ತಿಗೆ ಗುಟುಕರಿಸುವುದಕ್ಕಿಂತ ಅದೇ ಲೇಸು.

ಕೊನೆಯದಾಗಿ ಸಂಬಂಧ ಬೆಳೆಸುವ ವಿಷಯ. ಇದು ತಂದೆ ತಾಯಿ ಇಬ್ಬರಿಂದಲೂ ಒಂದೊಂದು ದೋಷಯುಕ್ತ ಜೀನ್ ಬಂದಾಗ ಮಾತ್ರ ತೋರುವ ಕಾಯಿಲೆ. ಒಂದೇ ಇದ್ದವರು ಆರೋಗ್ಯವಾಗಿರುತ್ತಾರೆ, ತಮ್ಮಲ್ಲಿ ಅದಿದೆಯೆಂದೂ ಅರಿಯರು. ಅಂತಹ ಇಬ್ಬರು ಮದುವೆಯಾದರೆ ಪ್ರತಿ ಬಸಿರಿನಲ್ಲಿಯೂ ಕಾಯಿಲೆಯ ಸಾಧ್ಯತೆ ನಾಲ್ಕರಲ್ಲಿ ಒಂದು. ಬೀಜದ ಯಾವ ಭಾಗ ಕೆಟ್ಟಿದೆಯೋ ಆ ಅಂಗ ವಿಕಾರಗೊಳ್ಳುತ್ತದೆಯೆಂಬ ವಿಚಾರ ಚರಕ ಸಂಹಿತೆಯಲ್ಲಿದೆ. ಬೇರೆ ಗೋತ್ರದಲ್ಲಿ ಮದುವೆಯಾಗುವ ವಿಷಯದಿಂದಲೇ ಹೆಸರು ಪಡೆದ ಅತುಲ್ಯಗೋತ್ರೀಯ ಎಂಬ ಅಧ್ಯಾಯವೂ ಅಲ್ಲಿದೆ. ನಾವು ಗೋತ್ರ, ಬೆಡಗು ನೋಡುತ್ತೇವೆ ಸರಿ. ಆದರೆ ಅವು ತಂದೆಯ ಕಡೆಯಿಂದ ಎಣಿಸುವ ಲೆಕ್ಕ. ಅಕ್ಕನ ಮಗಳು ಬೇರೆ ಗೋತ್ರದವಳೆಂದು ತಂದುಕೊಳ್ಳುತ್ತೇವೆ. ಸೋದರಮಾವನೂ ಸೊಸೆಯೂ ಜೀನುಗಳಲ್ಲಿ ನಾಲ್ಕನೆಯ ಒಂದು ಪಾಲನ್ನು, ಸೋದರತ್ತೆಯ ಅಥವಾ ಸೋದರಮಾವನ ಮಕ್ಕಳೊಡನೆ ನಾವು ಎಂಟನೆಯ ಒಂದು ಪಾಲನ್ನು ಹಂಚಿಕೊಂಡಿರುತ್ತೇವೆ. ತಾಯಿಯಿಂದ ಬಂದ ಬೀಜಕ್ಕೆ ಬೆಡಗಿನ ಲೆಕ್ಕ ತಿಳಿಯದು. ಮನೆತನದಲ್ಲಿ ಒಂದು ಮಗುವಿಗೆ ಈ ಕಾಯಿಲೆ ಖಚಿತವಾಗಿದ್ದರೆ ಅದೇ ಮನೆತನದೊಳಗೆ ಮತ್ತೆ ಸಂಬಂಧ ಬೆಳೆಸುವ ಮೊದಲು ವಧುವರರಿಬ್ಬರ ರಕ್ತವನ್ನು ಜೀನ್ ಪರೀಕ್ಷೆಗೆ ಕೊಡಬೇಕು. ಮಗುವಿನ ತಾಯಿ ಮತ್ತೆ ಗರ್ಭಿಣಿಯಾಗುವ ಆಲೋಚನೆಯಲ್ಲಿದ್ದರೆ ಅದಕ್ಕೆ ಮುಂಚೆಯೇ ಜೀನ್ ತಜ್ಞರನ್ನು ಕಾಣಬೇಕು. ಮಗುವಿನ ಜೀನ್ ವರದಿ ಕೈಯಲ್ಲಿದ್ದರೆ ಮುಂದಿನ ಗರ್ಭವನ್ನು ಮೂರನೆಯ ತಿಂಗಳ ಸುಮಾರಿಗೆ ಪರೀಕ್ಷಿಸಲು ಸಾಧ್ಯವಾಗುತ್ತದೆ. ಆ ವರದಿಯನ್ನು ಜೋಪಾನವಾಗಿ ತೆಗೆದಿಡಿರಿ.